ತೆರೆದ ಪೋರ್ಟ್, ಶೆರಿ, ಮದೀರ ಎಷ್ಟು ದಿನ ಚೆನ್ನಾಗಿರುತ್ತವೆ?

ಪೋರ್ಟ್, ಶೆರಿ, ಮದೀರ, ಮರ್ಸಾಲ, ವರ್ಮೂತ್ ಇವೆಲ್ಲ ಬಟ್ಟಿ ಇಳಿಸಿದ ಮದ್ಯ ಬೆರೆಸಿ ಗಟ್ಟಿ ಮಾಡಿದ ವೈನ್‌ಗಳು. ಸಾಮಾನ್ಯ ವೈನ್‌ನಲ್ಲಿ ಆಲ್ಕೋಹಾಲ್ ಶೇ 12–14ರಷ್ಟಿದ್ದರೆ ಇವುಗಳಲ್ಲಿ ಹೆಚ್ಚುಕಡಿಮೆ 15ರಿಂದ 22ರವರೆಗೆ ಇರುತ್ತದೆ. ಅಷ್ಟು ಖಾರ ಇದ್ದಮೇಲೆ ಕೆಡುವ ಮಾತೇ ಇಲ್ಲ ಅಂದುಕೊಂಡು ಅನೇಕರು ತೆರೆದ ಬಾಟಲಿಯನ್ನು ಶೋಕೇಸಿನಲ್ಲಿ ವರ್ಷಗಟ್ಟಲೆ ನಿಲ್ಲಿಸಿಬಿಡುತ್ತಾರೆ. ಮದೀರದ ಮಟ್ಟಿಗೆ ಅದು ಒಂದು ವರ್ಷದವರೆಗೆ ನಡೆಯುತ್ತದೆ. ಒಂದೇ ವರ್ಷದ ಕೊಯ್ಲಿನಿಂದ ಮಾಡಿದ ವಿಂಟೇಜ್ ಪೋರ್ಟ್‌ನಲ್ಲೂ ಮದೀರದಷ್ಟೇ ಆಲ್ಕೋಹಾಲ್ ಇದ್ದರೂ ಮೂರನೇ ದಿನಕ್ಕೆ ಅದು ಮಂಕಾಗುತ್ತದೆ. ಅಂದರೆ ಬಾಳಿಕೆಯನ್ನು ನಿರ್ಧರಿಸುವುದು ಆಲ್ಕೋಹಾಲ್ ಒಂದೇ ಅಲ್ಲ. ಆ ವೈನ್ ಬಾಟಲಿಗೆ ಬರುವ ಮೊದಲು ಗಾಳಿಯ ಜೊತೆ ಎಷ್ಟು ಕಾಲ ಪಳಗಿದೆ ಎಂಬುದೇ ಮುಖ್ಯ. ಪೀಪಾಯಿಯಲ್ಲಿ ವರ್ಷಗಟ್ಟಲೆ ಉಸಿರಾಡಿದ ವೈನ್‌ನಲ್ಲಿ ಗಾಳಿ ಕೆಡಿಸಬಹುದಾದದ್ದು ಹೆಚ್ಚೇನೂ ಉಳಿದಿರುವುದಿಲ್ಲ. ಗಾಳಿ ತಾಗದಂತೆ ಕಾಪಾಡಿಕೊಂಡು ಬಂದದ್ದು ಮುಚ್ಚಳ ತೆಗೆದ ಕ್ಷಣದಿಂದಲೇ ಇಳಿಮುಖ.

ಕೆಡುವುದು ಎಂದರೆ ಏನಾಗುವುದು

ವೈನ್ ಎರಡು ರೀತಿಯಲ್ಲಿ ಹಾಳಾಗುತ್ತದೆ. ಒಂದು, ಬ್ಯಾಕ್ಟೀರಿಯಾ ಆಲ್ಕೋಹಾಲನ್ನು ವಿನೆಗರ್ ಮಾಡುವುದು. ಶೇ 17ಕ್ಕಿಂತ ಮೇಲಿನ ವೈನ್‌ನಲ್ಲಿ ಈ ಬ್ಯಾಕ್ಟೀರಿಯಾಕ್ಕೆ ಬದುಕುವುದು ಕಷ್ಟ, ಆದ್ದರಿಂದ ಪೋರ್ಟ್ ಹುಳಿಯಾಗಿ ವಿನೆಗರ್ ಆಗುವುದು ಅಪರೂಪ. ಇನ್ನೊಂದು, ಆಮ್ಲಜನಕ ಬಣ್ಣಕ್ಕೂ ಘಮಕ್ಕೂ ಕಾರಣವಾದ ಅಂಶಗಳ ಜೊತೆ ಸೇರಿ ಅವನ್ನು ಕರಗಿಸುತ್ತ ಹೋಗುವುದು. ಈ ಹಾದಿಯಲ್ಲಿ ಆಲ್ಕೋಹಾಲ್ ಸ್ವಲ್ಪಸ್ವಲ್ಪವೇ ಅಸಿಟಾಲ್ಡಿಹೈಡ್ ಆಗುತ್ತದೆ. ಕತ್ತರಿಸಿಟ್ಟು ಕಂದಿದ ಸೇಬಿನ ವಾಸನೆ ಅದರದೇ. ಎರಡನೆಯದನ್ನು ಆಲ್ಕೋಹಾಲ್ ತಡೆಯುವುದಿಲ್ಲ. ಸಕ್ಕರೆಯೂ ತಡೆಯುವುದಿಲ್ಲ, ಮರೆಮಾಚುತ್ತದೆ ಅಷ್ಟೆ. ಸಿಹಿ ವೈನ್ ಹೆಚ್ಚು ದಿನ ಬಾಳಿದಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ಹೀಗೆ ಸಪ್ಪೆಯಾದ ವೈನ್ ಕುಡಿದರೆ ಆರೋಗ್ಯಕ್ಕೆ ಹೊಸದಾಗಿ ಅಪಾಯವೇನಿಲ್ಲ. ಕಳೆದುಹೋಗುವುದು ರುಚಿ.

ಪೋರ್ಟ್

ಪೋರ್ಚುಗಲ್‌ನ ದೋರು ಕಣಿವೆಯ ಈ ವೈನ್‌ನಲ್ಲಿ ದ್ರಾಕ್ಷಿರಸ ಇನ್ನೂ ಹುದುಗುತ್ತಿರುವಾಗಲೇ ಶೇ 77ರ ದ್ರಾಕ್ಷಿ ಮದ್ಯ ಸುರಿದು ಹುದುಗುವಿಕೆಯನ್ನು ನಿಲ್ಲಿಸುತ್ತಾರೆ, ಸಿಹಿ ಹಾಗೇ ಉಳಿಯುತ್ತದೆ. ಅಲ್ಲಿಂದ ಮುಂದೆ ದಾರಿ ಎರಡಾಗುತ್ತದೆ. ರೂಬಿ ಕುಲದವು ದೊಡ್ಡ ತೊಟ್ಟಿಗಳಲ್ಲಿ ಸ್ವಲ್ಪ ಕಾಲ ಇದ್ದು, ಹಣ್ಣಿನ ಘಮ ಕಳೆದುಕೊಳ್ಳುವ ಮೊದಲೇ ಬಾಟಲಿ ಸೇರುತ್ತವೆ. ಟಾನಿ ಕುಲದವು ಸಣ್ಣ ಮರದ ಪೀಪಾಯಿಗಳಲ್ಲಿ ವರ್ಷಾನುಗಟ್ಟಲೆ ಕೂತು ಕೆಂಪು ಕಳೆದುಕೊಂಡು ಕಂದು ಬಣ್ಣಕ್ಕೆ ತಿರುಗುತ್ತವೆ.

ಸಾಮಾನ್ಯ ರೂಬಿ, ರೂಬಿ ರಿಸರ್ವ್ ತೆರೆದ ಮೇಲೆ 8–10 ದಿನ ಚೆನ್ನಾಗಿರುತ್ತವೆ. ಹೆಚ್ಚೆಂದರೆ ಎರಡು ವಾರ ಎಳೆಯಬಹುದು, ಆದರೆ ಚೆರ್ರಿಯಂಥ ಘಮ ಮೊದಲ ವಾರದಲ್ಲೇ ಅರ್ಧ ಇಳಿದಿರುತ್ತದೆ. ಕೊಯ್ಲಾಗಿ 4ರಿಂದ 6 ವರ್ಷದ ನಡುವೆ ಬಾಟಲಿಗೆ ಬರುವ ಎಲ್‌ಬಿವಿ (ಲೇಟ್ ಬಾಟಲ್ಡ್ ವಿಂಟೇಜ್, ಅಂದರೆ ತಡವಾಗಿ ಬಾಟಲಿ ಸೇರಿದ ವಿಂಟೇಜ್) 4–5 ದಿನ. ಎಲ್‌ಬಿವಿಯಲ್ಲಿ ಎರಡು ಬಗೆಯಿದೆ: ಕೈಯಿಂದಲೇ ಎಳೆದು ತೆಗೆಯುವ ಅಗಲ ತಲೆಯ ಬಿರಡೆ ಇದ್ದರೆ ಸಾಮಾನ್ಯವಾಗಿ ಅದು ಸೋಸಿದ ವೈನ್, ಇನ್ನೂ ಕೆಲವು ದಿನ ತಡೆಯುತ್ತದೆ. ತಿರುಪು ಹಾಕಿ ತೆಗೆಯಬೇಕಾದ ಉದ್ದ ಕಾರ್ಕ್ ಇದ್ದರೆ ಸೋಸದ್ದು, ಗಸಿ ಬಿಡುತ್ತದೆ, ಬೇಗ ಮುಗಿಸಬೇಕು.

ವಿಂಟೇಜ್ ಪೋರ್ಟ್ ಪೀಪಾಯಿಯಲ್ಲಿ ಎರಡು-ಮೂರು ವರ್ಷ ಮಾತ್ರ ಇದ್ದು, ಉಳಿದ ಆಯುಷ್ಯವನ್ನೆಲ್ಲ ಬಾಟಲಿಯ ಒಳಗೆ, ಗಾಳಿಯಿಲ್ಲದೆ ಕಳೆಯುತ್ತದೆ. ಇಪ್ಪತ್ತು-ಮೂವತ್ತು ವರ್ಷ ಮುಚ್ಚಿಟ್ಟದ್ದು ತೆರೆದ ಮೇಲೆ ಒಂದೆರಡು ದಿನದ ಅತಿಥಿ. ಹಳೆಯದಾದಷ್ಟೂ ನಾಜೂಕು. ಇದನ್ನು ತೆರೆಯುವ ದಿನ ಕುಡಿಯುವವರ ಸಂಖ್ಯೆಯನ್ನು ಮೊದಲೇ ಲೆಕ್ಕ ಹಾಕಿ: 750 ಮಿ.ಲೀ. ಬಾಟಲಿಯಲ್ಲಿ ಗಸಿ ಬಿಟ್ಟು 75 ಮಿ.ಲೀ.ನ ಸುಮಾರು ಒಂಬತ್ತು ಗ್ಲಾಸು ಬರುತ್ತವೆ. ಇಬ್ಬರೇ ಇದ್ದರೆ ಆ ದಿನ ಬೇರೆ ಬಾಟಲಿ ತೆಗೆಯುವುದು ಲೇಸು.

ಮನೆಯಲ್ಲಿ ಊಟದ ನಂತರ ಆಗೊಮ್ಮೆ ಈಗೊಮ್ಮೆ ಒಂದು ಗ್ಲಾಸು ಕುಡಿಯುವವರಿಗೆ ಟಾನಿಯೇ ಸರಿ. ವಯಸ್ಸು ನಮೂದಿಸದ ಟಾನಿ 3–4 ವಾರ, 10 ಅಥವಾ 20 ವರ್ಷ ಎಂದು ಬರೆದಿರುವವು ಒಂದರಿಂದ ನಾಲ್ಕು ತಿಂಗಳು. 30, 40 ವರ್ಷದವು ಇನ್ನೂ ಹೆಚ್ಚು ಬಾಳಬೇಕು ಅನ್ನಿಸಬಹುದು. ನಿಜದಲ್ಲಿ ಅವುಗಳ ಘಮ ಸೂಕ್ಷ್ಮವಾದ್ದರಿಂದ ಮೊದಲು ಕಳೆದುಹೋಗುವುದು ಅದೇ. ಹತ್ತು ವರ್ಷದ್ದಕ್ಕೆ ಹೆಚ್ಚು ಸಮಯ ಕೊಡಿ, ನಲವತ್ತರದ್ದಕ್ಕೆ ಕಡಿಮೆ. ವಯಸ್ಸಿನ ಟಾನಿಯ ಲೇಬಲ್ಲಿನಲ್ಲಿ ಯಾವ ವರ್ಷ ಬಾಟಲಿಗೆ ತುಂಬಿದರು ಎಂದೂ ಇರುತ್ತದೆ. ಬಾಟಲಿಯಲ್ಲಿ ಅದು ಸುಧಾರಿಸುವುದಿಲ್ಲ, ಕೊಳ್ಳುವಾಗ ಹತ್ತಿರದ ವರ್ಷದ್ದನ್ನೇ ಆರಿಸಿ.

ಶೆರಿ

ಹೆಚ್ಚು ಜನ ಎಡವುವುದು ಇಲ್ಲೇ. ಸ್ಪೇನಿನ ದಕ್ಷಿಣ ತುದಿಯ ಹೆರೆಸ್ ಮತ್ತು ಸಾನ್‌ಲೂಕಾರ್‌ನಲ್ಲಿ ತಯಾರಾಗುವ ಫಿನೊ, ಮಾನ್ಸಾನಿಯಾ ಎಂಬ ಶೆರಿಗಳನ್ನು ಪೀಪಾಯಿಗೆ ಪೂರ್ತಿ ತುಂಬದೆ ಬಿಡುತ್ತಾರೆ. ವೈನ್‌ನ ಮೇಲೆ ಹಾಲಿನ ಕೆನೆಯ ಹಾಗೆ ಯೀಸ್ಟ್‌ನ ಪದರ ಕಟ್ಟುತ್ತದೆ, ಅದನ್ನು ಫ್ಲೋರ್ ಎನ್ನುತ್ತಾರೆ. ಅದು ಆಮ್ಲಜನಕವನ್ನು ತಾನೇ ನುಂಗಿ ಕೆಳಗಿನ ವೈನನ್ನು ತಿಳಿಯಾಗಿ, ತಾಜಾ ಆಗಿ ಇಡುತ್ತದೆ. ಬಾಟಲಿ ತುಂಬುವಾಗ ಪದರ ಹಿಂದೆ ಉಳಿಯುತ್ತದೆ, ವೈನ್‌ಗೆ ಕಾವಲು ಹೋಗುತ್ತದೆ. ಅದರ ಆಲ್ಕೋಹಾಲ್ ಸುಮಾರು 15 ಮಾತ್ರ, ಸಿಹಿಯೂ ಇಲ್ಲ. ಹೀಗಾಗಿ ಫಿನೊವನ್ನು ಬಿಳಿ ವೈನ್‌ನಂತೆಯೇ ನೋಡಿಕೊಳ್ಳಬೇಕು: ಫ್ರಿಜ್ಜಿನಲ್ಲಿಟ್ಟು ಮೂರು ದಿನದಲ್ಲಿ ಮುಗಿಸಿದರೆ ಉತ್ತಮ, ಒಂದು ವಾರ ಮಿತಿ. ಮುಚ್ಚಿದ ಬಾಟಲಿಯನ್ನೂ ತುಂಬಿದ ಒಂದು ವರ್ಷ, ಒಂದೂವರೆ ವರ್ಷದೊಳಗೆ ತೆರೆಯಿರಿ. ಅರ್ಧ ಬಾಟಲಿ, ಅಂದರೆ 375 ಮಿ.ಲೀ. ಸಿಕ್ಕಿದರೆ ಅದನ್ನೇ ಕೊಳ್ಳಿ.

ಒಲೊರೊಸೊ ಎಂಬ ಇನ್ನೊಂದು ಬಗೆಯ ಶೆರಿಗೆ ಆರಂಭದಲ್ಲೇ ಆಲ್ಕೋಹಾಲನ್ನು 17ರ ಮೇಲಕ್ಕೆ ಏರಿಸುತ್ತಾರೆ; ಆ ಮಟ್ಟದಲ್ಲಿ ಫ್ಲೋರ್ ಬೆಳೆಯುವುದಿಲ್ಲ, ವೈನ್ ಗಾಳಿಗೆ ಒಡ್ಡಿಕೊಂಡೇ ಹಣ್ಣಾಗುತ್ತದೆ. ತೆರೆದ ಮೇಲೆ ಒಂದರಿಂದ ಎರಡು ತಿಂಗಳು ಸಲೀಸು. ಅಮೊಂತಿಯಾದೊ ಮೊದಲು ಫ್ಲೋರ್ ಕೆಳಗೆ, ಆಮೇಲೆ ಗಾಳಿಯಲ್ಲಿ ಬೆಳೆದದ್ದು. ಬಾಳಿಕೆಯೂ ನಡುವಿನದು, ಎರಡು-ಮೂರು ವಾರ. ಸಿಹಿ ಬೆರೆಸಿದ ಕ್ರೀಮ್ ಶೆರಿ ಒಂದು ತಿಂಗಳ ಮೇಲೆ. ಪೆದ್ರೊ ಹಿಮೆನೆಸ್ ಬಿಸಿಲಿಗೆ ಒಣಗಿಸಿದ ದ್ರಾಕ್ಷಿಯಿಂದ ಬಂದ ಕಪ್ಪು ಪಾಕ. ಎರಡು ತಿಂಗಳು ದಾಟಿದರೂ ಅದಕ್ಕೆ ಏನೂ ಆದಂತೆ ಕಾಣದು, ಫ್ರಿಜ್ಜಿನಲ್ಲಿ ಗಟ್ಟಿಯಾಗುತ್ತದೆ ಅಷ್ಟೆ.

ಮದೀರ, ಮರ್ಸಾಲ, ವರ್ಮೂತ್

ಮದೀರಕ್ಕೆ ಭಾರತದ ದಾರಿಯ ನಂಟಿದೆ. ಅಟ್ಲಾಂಟಿಕ್‌ನ ಮದೀರ ದ್ವೀಪದಿಂದ ಭಾರತದ ಕಡೆ ಹೊರಟ ಹಡಗುಗಳ ಹೊಟ್ಟೆಯಲ್ಲಿ ಪೀಪಾಯಿಗಳು ಉಷ್ಣವಲಯದ ಕಾವಿನಲ್ಲಿ ತಿಂಗಳುಗಟ್ಟಲೆ ಕುಲುಕಿದವು, ಮರಳಿ ಬಂದ ವೈನ್ ಇನ್ನೂ ಚೆನ್ನಾಗಿತ್ತು. ಈಗ ಆ ಕೆಲಸ ದ್ವೀಪದಲ್ಲೇ ಆಗುತ್ತದೆ: ಸಾಮಾನ್ಯ ಮದೀರವನ್ನು ತೊಟ್ಟಿಯಲ್ಲಿ 45–50 ಡಿಗ್ರಿಯಲ್ಲಿ ಕನಿಷ್ಠ ಮೂರು ತಿಂಗಳು ಕಾಯಿಸುತ್ತಾರೆ, ಒಳ್ಳೆಯದನ್ನು ಬೆಚ್ಚನೆಯ ಅಟ್ಟಗಳಲ್ಲಿ ಪೀಪಾಯಿಯೊಳಗೆ ವರ್ಷಗಟ್ಟಲೆ ಇಡುತ್ತಾರೆ. ಬಿಸಿ, ಗಾಳಿ ಎರಡನ್ನೂ ಉಂಡು ಅರಗಿಸಿಕೊಂಡ ಈ ವೈನ್ ತೆರೆದ ಮೇಲೆ ಆರು ತಿಂಗಳು, ವರ್ಷ ಕೂಡ ನಿಲ್ಲುತ್ತದೆ. ಬೇಸಿಗೆಯಲ್ಲಿ 35 ಡಿಗ್ರಿ ಮುಟ್ಟುವ ನಮ್ಮ ಮನೆಗಳಿಗೆ ಇದಕ್ಕಿಂತ ಹೊಂದುವ ವೈನ್ ಇನ್ನೊಂದಿಲ್ಲ. ಬಾಟಲಿಯನ್ನು ನಿಲ್ಲಿಸಿಯೇ ಇಡಬೇಕು, ಅಡ್ಡ ಮಲಗಿಸಿದರೆ ಇದರ ಹುಳಿ ಕಾರ್ಕನ್ನು ತಿನ್ನುತ್ತದೆ.

ಸಿಸಿಲಿಯ ಮರ್ಸಾಲಕ್ಕೆ ಒಂದೂವರೆ ತಿಂಗಳು. ವರ್ಮೂತ್ ಗಿಡಮೂಲಿಕೆ ಹಾಕಿದ ವೈನ್ ಎಂಬುದನ್ನೇ ಮರೆತು ಜಿನ್, ವಿಸ್ಕಿ ಸಾಲಿನಲ್ಲಿ ಇಡುವುದು ರೂಢಿ. ಅದರ ಜಾಗ ಫ್ರಿಜ್ಜು. ಒಣ, ಅಂದರೆ ಸಿಹಿ ಕಡಿಮೆಯ ವರ್ಮೂತ್ ಒಂದು ತಿಂಗಳು, ಸಿಹಿಯದು ಎರಡು ತಿಂಗಳು.

ಇಡುವ ಬಗೆ

ಪುಸ್ತಕಗಳಲ್ಲಿ ಬರುವ 'ರೂಮ್ ಟೆಂಪರೇಚರ್' ಯುರೋಪಿನ ತಂಪು ಮನೆಯದು, 18 ಡಿಗ್ರಿಯ ಆಸುಪಾಸು. ಮಂಗಳೂರಿಗೋ ಕಲಬುರಗಿಗೋ ಅದು ಅನ್ವಯಿಸದು. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ. ಹಾಗಾಗಿ ಮೇಲೆ ಹೇಳಿದ ಅವಧಿಗಳೆಲ್ಲ ಫ್ರಿಜ್ಜಿನ ಲೆಕ್ಕ, ಮದೀರ ಒಂದನ್ನು ಬಿಟ್ಟು. ಫ್ರಿಜ್ಜಿನ ಬಾಗಿಲಲ್ಲಿ ಕುಲುಕಾಟ, ಬಿಸಿಗಾಳಿ ಎರಡೂ ಹೆಚ್ಚು. ಒಳಗಿನ ತಟ್ಟೆಯ ಹಿಂಬದಿಯಲ್ಲಿ ನಿಲ್ಲಿಸಿ. ಮಲಗಿಸಬೇಡಿ. ಮಲಗಿಸಿದರೆ ಗಾಳಿಗೆ ತಾಗುವ ಮೈ ಹಲವು ಪಟ್ಟು ಹಿಗ್ಗುತ್ತದೆ, ಬಿರಡೆಯ ಸಂದಿಯಿಂದ ಸೋರುತ್ತದೆ ಕೂಡ. ರೂಬಿ, ಎಲ್‌ಬಿವಿಗಳನ್ನು ಕುಡಿಯುವ ಅರ್ಧ ಗಂಟೆ ಮೊದಲು ಹೊರಗಿಡಿ. ಟಾನಿ, ಫಿನೊ ತಂಪಾಗಿದ್ದರೇ ಚೆನ್ನ.

ಪ್ರತಿ ಸಲ ಸುರಿದ ಮೇಲೆ ಬಾಟಲಿಯ ಬಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಆಮೇಲೆ ಬಿರಡೆ ಹಾಕಿ. ಅಲ್ಲಿ ಒಣಗುವ ಸಿಹಿ ಅಂಟಿನಿಂದ ಬಿರಡೆ ಕಚ್ಚಿಕೊಳ್ಳುತ್ತದೆ, ಸರಿಯಾಗಿ ಕೂರುವುದೂ ಇಲ್ಲ. ಹೊರಗಿಟ್ಟಿದ್ದರೆ ಹಣ್ಣಿನ ನೊಣಗಳು ಮುತ್ತುತ್ತವೆ. ವಿನೆಗರ್ ಮಾಡುವ ಬ್ಯಾಕ್ಟೀರಿಯಾವನ್ನು ಹೊತ್ತು ತರುವುದು ಅವೇ. ಕಾರ್ಕನ್ನು ತಿರುಗಿಸಿ ಹಾಕಬೇಡಿ, ವೈನ್ ತಾಗಿದ್ದ ತುದಿಯೇ ಒಳಗೆ ಹೋಗಬೇಕು.

ಸಣ್ಣ ಬಾಟಲಿಯ ಉಪಾಯ

ಇದರಷ್ಟು ಫಲ ಕೊಡುವ ಬೇರೆ ದಾರಿಯಿಲ್ಲ, ಖರ್ಚೂ ಇಲ್ಲ. ಅರ್ಧ ಖಾಲಿಯಾದ 750 ಮಿ.ಲೀ. ಬಾಟಲಿಯಲ್ಲಿ 375 ಮಿ.ಲೀ. ಗಾಳಿ ಇರುತ್ತದೆ, ಅದರಲ್ಲಿ ಸುಮಾರು 100 ಮಿ.ಗ್ರಾಂ ಆಮ್ಲಜನಕ. ಅದೇ ವೈನನ್ನು ಅರ್ಧ ಬಾಟಲಿಗೆ ಕಂಠದವರೆಗೆ ತುಂಬಿ 5 ಮಿ.ಲೀ. ಜಾಗವಷ್ಟೇ ಬಿಟ್ಟರೆ, ಆ ಗಾಳಿಯಲ್ಲಿರುವುದು ಒಂದೂವರೆ ಮಿ.ಗ್ರಾಂಗೂ ಕಡಿಮೆ.

ದೊಡ್ಡ ಬಾಟಲಿ ತೆರೆದ ತಕ್ಷಣ, ಯಾರಿಗೂ ಬಡಿಸುವ ಮೊದಲೇ ಇದನ್ನು ಮಾಡಬೇಕು. 375 ಮಿ.ಲೀ.ನ ಗಾಜಿನ ಬಾಟಲಿ, ಇಲ್ಲದಿದ್ದರೆ ಗಟ್ಟಿ ತಿರುಪು ಮುಚ್ಚಳದ 180–200 ಮಿ.ಲೀ. ಬಾಟಲಿ ತೆಗೆದುಕೊಳ್ಳಿ. ಕುದಿನೀರಿನಲ್ಲಿ ಎರಡು ಸಲ ಕಲಕಿ ಚೆಲ್ಲಿ, ಬೋರಲು ಹಾಕಿ ಒಣಗಿಸಿ. ಸೋಪು ಬೇಡ, ಅದರ ವಾಸನೆ ವೈನ್‌ಗೆ ಇಳಿಯುತ್ತದೆ. ಉಪ್ಪಿನಕಾಯಿ, ಎಣ್ಣೆ ಇದ್ದ ಬಾಟಲಿಗಳನ್ನು ಮುಟ್ಟಲೇಬೇಡಿ, ಮುಚ್ಚಳದ ಒಳಪದರದಲ್ಲಿ ವಾಸನೆ ಉಳಿದಿರುತ್ತದೆ. ಆಲಿಕೆ ಇಟ್ಟು, ಬಾಟಲಿಯನ್ನು ಸ್ವಲ್ಪ ವಾಲಿಸಿ, ವೈನ್ ಒಳಗೋಡೆಯ ಮೇಲೆ ಜಾರುವಂತೆ ಸುರಿಯಿರಿ. ಎತ್ತರದಿಂದ ಸುರಿದು ನೊರೆ ಬರಿಸಿದರೆ ಮಾಡಿದ್ದೆಲ್ಲ ವ್ಯರ್ಥ. ಮುಚ್ಚಳದ ಕೆಳಗೆ ಒಂದು ಸೆಂ.ಮೀ. ಬಿಟ್ಟು ಮುಚ್ಚಿ, ತಾರೀಖು ಬರೆದ ಚೀಟಿ ಅಂಟಿಸಿ. ಹೀಗಿಟ್ಟ ರೂಬಿ ಫ್ರಿಜ್ಜಿನಲ್ಲಿ ಮೂರು-ನಾಲ್ಕು ವಾರ, ಫಿನೊ ಎರಡು ವಾರ ನಿಲ್ಲುತ್ತವೆ. ವಿಂಟೇಜ್‌ಗೆ ನಾಲ್ಕೈದು ದಿನ ಹೆಚ್ಚುವರಿ ಸಿಕ್ಕರೆ ದೊಡ್ಡದು.

ಗಾಳಿ ಎಳೆಯುವ ಕೈಪಂಪುಗಳು ಪೂರ್ತಿ ಗಾಳಿ ತೆಗೆಯುವುದಿಲ್ಲ, ರಬ್ಬರ್ ಬಿರಡೆ ನಿಧಾನಕ್ಕೆ ಸಡಿಲಾಗುತ್ತದೆ. ಒಂದೆರಡು ದಿನಕ್ಕೆ ಆದೀತು. ಫ್ರೀಜರ್ ಬೇಡ: ವೈನ್ ಹಿಗ್ಗಿ ಬಿರಡೆ ಎಗರುತ್ತದೆ. ಫ್ರಿಜ್ಜಿನ ತಂಪಿಗೆ ತಳದಲ್ಲಿ ಗಾಜಿನ ಚೂರಿನಂಥ ಹರಳು ಕಂಡರೆ ಹೆದರಬೇಡಿ, ಅವು ದ್ರಾಕ್ಷಿಯ ಆಮ್ಲದವು. ಸೋಸಿದರೆ ಸಾಕು.

ಕೆಟ್ಟಿದೆಯೋ ಇಲ್ಲವೋ ನೋಡುವುದು

30 ಮಿ.ಲೀ. ಗ್ಲಾಸಿಗೆ ಹಾಕಿ, ಫ್ರಿಜ್ಜಿನದಾದರೆ ಹತ್ತು ನಿಮಿಷ ಬಿಡಿ. ತೀರಾ ತಣ್ಣಗಿದ್ದಾಗ ದೋಷ ಗೊತ್ತಾಗುವುದಿಲ್ಲ. ರೂಬಿಯಲ್ಲಿ ಹಣ್ಣಿನ ಘಮ ಹಿಂದೆ ಸರಿದು ಮದ್ಯದ ಖಾರವೇ ಮುಂದೆ ಬಂದಿದ್ದರೆ ಕಾಲ ಮುಗಿದಿದೆ. ಟಾನಿಯಲ್ಲಿ ಅಕ್ರೋಟು, ಒಣದ್ರಾಕ್ಷಿಯ ಬದಲು ರಟ್ಟಿನ ವಾಸನೆ. ಫಿನೊದಲ್ಲಿ ಸೇಬಿನ ವಾಸನೆಯನ್ನು ನಂಬಬೇಡಿ, ಫ್ಲೋರ್‌ನಿಂದಾಗಿ ಅದು ಹೊಸದರಲ್ಲೂ ಇರುತ್ತದೆ. ಅಲ್ಲಿ ಬಣ್ಣ ನೋಡಿ: ತಿಳಿ ಹುಲ್ಲಿನ ಬಣ್ಣ ಬಂಗಾರದ ಕಡೆ ತಿರುಗಿ, ಕೊನೆಯಲ್ಲಿ ಕಹಿ ಉಳಿದರೆ ಆಗಿಹೋಯಿತು. ನೇಲ್ ಪಾಲಿಶ್ ಅಥವಾ ವಿನೆಗರ್ ವಾಸನೆ ಮೂಗಿಗೆ ರಾಚಿದರೆ ಯಾವುದಾದರೂ ಸರಿ, ಚೆಲ್ಲಿ.

ಗೋವಾದಲ್ಲಿ, ನಮ್ಮ ಅಂಗಡಿಗಳಲ್ಲಿ 'ಪೋರ್ಟ್' ಹೆಸರಿನಲ್ಲಿ ಸಿಗುವ ಸಿಹಿ ಕೆಂಪು ವೈನ್‌ಗಳಿಗೆ ಮೇಲಿನ ಲೆಕ್ಕವನ್ನು ಕಣ್ಣುಮುಚ್ಚಿ ಹಚ್ಚಬೇಡಿ. ಲೇಬಲ್ಲಿನಲ್ಲಿ ಆಲ್ಕೋಹಾಲ್ ಪ್ರಮಾಣ ನೋಡಿ. 17ಕ್ಕಿಂತ ಮೇಲಿದ್ದರೆ ರೂಬಿಯ ಅವಧಿ. 15ಕ್ಕಿಂತ ಕಡಿಮೆಯಿದ್ದರೆ ಅದು ಸಿಹಿಯಾದ ಸಾಮಾನ್ಯ ವೈನ್, ಫ್ರಿಜ್ಜಿನಲ್ಲಿ ನಾಲ್ಕೈದು ದಿನ.

ಸಪ್ಪೆಯಾದರೂ ಹುಳಿಯಾಗದ ರೂಬಿ ಅಡುಗೆಗೆ ಒಳ್ಳೆಯದು. 300 ಮಿ.ಲೀ.ಗೆ ಎರಡು ಚಮಚ ಸಕ್ಕರೆ, ಒಂದು ತುಂಡು ಚಕ್ಕೆ ಹಾಕಿ ಸಣ್ಣ ಉರಿಯಲ್ಲಿ 100 ಮಿ.ಲೀ.ಗೆ ಇಳಿಸಿ; ಆರಿದಾಗ ಇನ್ನೂ ಗಟ್ಟಿಯಾಗುವುದರಿಂದ ಪಾಕ ತೆಳ್ಳಗಿರುವಾಗಲೇ ಒಲೆ ಆರಿಸಿ. ಮೊದಲ ಕೆಲವು ನಿಮಿಷ ಮೇಲೇಳುವ ಆವಿಗೆ ಬೆಂಕಿ ಹತ್ತಬಹುದು, ಪಾತ್ರೆಯ ಮೇಲೆ ಬಗ್ಗಬೇಡಿ. ಅಂಜೂರ, ವೆನಿಲ್ಲಾ ಐಸ್‌ಕ್ರೀಮ್ ಎರಡಕ್ಕೂ ಒಪ್ಪುತ್ತದೆ, ಫ್ರಿಜ್ಜಿನಲ್ಲಿ ಒಂದು ತಿಂಗಳು ಇರುತ್ತದೆ. ಹಳತಾದ ಫಿನೊವನ್ನು ಸೀಗಡಿ, ಅಣಬೆ ಹುರಿಯುವಾಗ ಕೊನೆಯಲ್ಲಿ 50 ಮಿ.ಲೀ. ಹಾಕಿ, ದೊಡ್ಡ ಉರಿಯಲ್ಲಿ ಒಂದು ನಿಮಿಷ ಇಂಗಿಸಿದರೆ ಸಾಕು.