ಕಾಣದ ಕಾರು ಬ್ರೇಕ್ ಹಾಕಿದಾಗ

ಮುಂದೆ ಒಂದು ಲಾರಿ, ಅದರ ಮುಂದೆ ಒಂದು ಕಾರು. ಆ ಕಾರು ಗಕ್ಕನೆ ಬ್ರೇಕ್ ಹಾಕಿದರೆ ಹಿಂದಿರುವ ನಮಗೆ ಕಾಣುವುದಿಲ್ಲ. ನಮ್ಮ ಕ್ಯಾಮೆರಾಕ್ಕೂ ಕಾಣುವುದಿಲ್ಲ. ಅದೇ ಕಾರು ರೇಡಿಯೊದಲ್ಲಿ ತಾನೇ ಹೇಳಿಕೊಂಡರೆ? ಆ ಎಚ್ಚರಿಕೆಯನ್ನು ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಕೈಯಲ್ಲಿದ್ದದ್ದು ಎರಡು ಕಾರು, ಎರಡು ಪುಟ್ಟ ಲಿನಕ್ಸ್ ಬೋರ್ಡು, ಓಡಾಟವಿಲ್ಲದ ಒಂದು ಟೆಸ್ಟ್ ಟ್ರ್ಯಾಕು. ಮೊದಲೇ ಹೇಳಿಬಿಡುತ್ತೇನೆ, ರೇಡಿಯೊ ಭಾಗ ಬೇಗ ಮುಗಿಯಿತು. ದಿನಗಳನ್ನು ತಿಂದದ್ದು 'ಆ ಕಾರು ಸರಿಯಾಗಿ ಎಲ್ಲಿದೆ' ಅನ್ನುವ ಪ್ರಶ್ನೆ.

ಬಳಸಿದ್ದು ಡಿಎಸ್‌ಆರ್‌ಸಿ, ಅಂದರೆ ಗಾಡಿಗಳು ಹತ್ತಿರದಲ್ಲಿ ನೇರವಾಗಿ ಮಾತಾಡಿಕೊಳ್ಳುವ ರೇಡಿಯೊ. 5.9 ಗಿಗಾಹರ್ಟ್ಸ್ ಬ್ಯಾಂಡು. ಅಮೆರಿಕದಲ್ಲಿ ರೇಡಿಯೊ ತರಂಗಗಳನ್ನು ಹಂಚುವ ಸಂಸ್ಥೆ ಎಫ್‌ಸಿಸಿ 1999ರಲ್ಲೇ ಇದಕ್ಕೆ 75 ಮೆಗಾಹರ್ಟ್ಸ್ ಎತ್ತಿಟ್ಟಿತ್ತು. ತಳದಲ್ಲಿರುವ ಸ್ಟ್ಯಾಂಡರ್ಡ್ ಐಇಇಇ 802.11ಪಿ, ವೈಫೈ ಕುಟುಂಬದ್ದೇ. ಆದರೆ ವೈಫೈಯಲ್ಲಿ ಮೊದಲು ನೆಟ್‌ವರ್ಕಿಗೆ ಸೇರಿಕೊಳ್ಳಬೇಕು, ಆಮೇಲೆ ಮಾತು. ಎರಡು ಕಾರು ಎದುರುಬದುರು ಗಂಟೆಗೆ 90 ಕಿಲೋಮೀಟರಿನಲ್ಲಿ ಬಂದರೆ 300 ಮೀಟರ್ ಅಂತರ 6 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಸೇರಿಕೊಳ್ಳುವುದಕ್ಕೆ ಪುರುಸೊತ್ತೆಲ್ಲಿ? ಹಾಗಾಗಿ ಇಲ್ಲಿ ಓಸಿಬಿ ಅನ್ನುವ ಮೋಡ್ ಇದೆ. ಯಾರ ಗುಂಪಿಗೂ ಸೇರದೆ ಸುಮ್ನೆ ಕಳಿಸುವುದು, ಸುಮ್ನೆ ಕೇಳುವುದು. ಚಾನೆಲ್ ಅಗಲ 20ರ ಬದಲು 10 ಮೆಗಾಹರ್ಟ್ಸ್. ಇದರಿಂದ ಪ್ರತಿ ಸಿಂಬಲ್, ಅಂದರೆ ಒಂದು ಸಲಕ್ಕೆ ಕಳಿಸುವ ಸಿಗ್ನಲ್ ತುಣುಕು, ಎರಡರಷ್ಟು ಉದ್ದವಾಗುತ್ತದೆ, ಕಟ್ಟಡಗಳಿಗೆ ಬಡಿದು ತಡವಾಗಿ ಬರುವ ಪ್ರತಿಫಲನಗಳನ್ನು ತಡೆದುಕೊಳ್ಳುತ್ತದೆ.

ಲಿನಕ್ಸಿನಲ್ಲಿ ಓಸಿಬಿ ಮೋಡ್ ಇದೆ. ಹಳೆಯ ಅಥೆರೋಸ್ ಚಿಪ್ಪಿನ ಕಾರ್ಡ್ ಸಾಕಾಯಿತು. ಈ ಬ್ಯಾಂಡಿನಲ್ಲಿ ಅನುಮತಿ ಇಲ್ಲದೆ ಪ್ರಸಾರ ಮಾಡುವಂತಿರಲಿಲ್ಲ. ಅದಕ್ಕೇ ಅನುಮತಿ ಬರುವ ತನಕ ಎರಡು ಬೋರ್ಡುಗಳನ್ನೂ ಕೇಬಲ್ಲಿನಲ್ಲಿ ಜೋಡಿಸಿ, ನಡುವೆ ಸಿಗ್ನಲ್ ಕುಗ್ಗಿಸುವ ಅಟೆನ್ಯುಯೇಟರ್ ಹಾಕಿ ಕೆಲಸ ಮಾಡಿದೆ. ಯಾರಾದರೂ ಶುರುಮಾಡುವುದಿದ್ದರೆ ಹೀಗೇ ಮಾಡಿ. ಗಾಳಿಯಲ್ಲಿ ಮಾಡಿದರೆ ತೊಂದರೆ ಕೋಡಿನದ್ದೋ ಆಂಟೆನಾದ್ದೋ ಗೊತ್ತಾಗುವುದೇ ಇಲ್ಲ.

ಕಳಿಸುವುದು ಬಿಎಸ್‌ಎಂ, ಅಂದರೆ ಬೇಸಿಕ್ ಸೇಫ್ಟಿ ಮೆಸೇಜ್. ಅದರ ರೂಪವನ್ನು ಎಸ್‌ಎಇ ಜೆ2735 ಅನ್ನುವ ಸ್ಟ್ಯಾಂಡರ್ಡ್ ಹೇಳುತ್ತದೆ. ಜಾಗ, ವೇಗ, ದಿಕ್ಕು, ಬ್ರೇಕಿನ ಸ್ಥಿತಿ, ಗಾಡಿಯ ಉದ್ದ ಅಗಲ, ಎಲ್ಲ ಸೆಕೆಂಡಿಗೆ 10 ಸಲ. ವೇಗದ ಅಳತೆ ಸೆಕೆಂಡಿಗೆ 0.02 ಮೀಟರಿನ ಲೆಕ್ಕದಲ್ಲಿ. 8191 ಬಂದರೆ 'ವೇಗ ಗೊತ್ತಿಲ್ಲ' ಅಂತ ಅರ್ಥ. ಇಂಥ 'ಗೊತ್ತಿಲ್ಲ' ಸಂಖ್ಯೆ ಹೆಚ್ಚುಕಡಿಮೆ ಪ್ರತಿ ಅಂಕಣಕ್ಕೂ ಒಂದೊಂದಿದೆ. ಮೊದಲು ಅವನ್ನು ಸೋಸುವ ಕೋಡ್ ಬರೆದೆ. ಇಲ್ಲದಿದ್ದರೆ ಗಂಟೆಗೆ 590 ಕಿಲೋಮೀಟರಿನ ಕಾರೊಂದು ಪರದೆಯ ಮೇಲೆ ಓಡಾಡುತ್ತದೆ.

ಟ್ರ್ಯಾಕಿಗೆ ಹೋದಾಗ ಒಂದು ವಿಚಿತ್ರ ಕಂಡಿತು. ದೂರ ಹೋದಂತೆ ಸಿಗ್ನಲ್ ಮೆಲ್ಲಗೆ ಇಳಿಯಬೇಕು, ಅಲ್ವಾ? ನಮ್ಮದು 90 ಮೀಟರ್ ಹತ್ತಿರ ದಿಢೀರನೆ ಕುಸಿದು, ಆಮೇಲೆ ಮತ್ತೆ ಏರಿತು. ಲೆಕ್ಕ ಹಾಕಿದರೆ ಇದು ಬರಲೇಬೇಕಾದ್ದು. ಆಂಟೆನಾ ಎರಡೂ ನೆಲದಿಂದ ಸುಮಾರು 1.5 ಮೀಟರ್ ಎತ್ತರದಲ್ಲಿದ್ದವು. ತರಂಗದ ಉದ್ದ 5 ಸೆಂಟಿಮೀಟರ್ ಆಸುಪಾಸು. ನೇರ ಬಂದ ಅಲೆಗಿಂತ ರಸ್ತೆಗೆ ಬಡಿದು ಬಂದ ಅಲೆ ಆ ದೂರದಲ್ಲಿ ಸರಿಯಾಗಿ ಒಂದು ತರಂಗದಷ್ಟು ಜಾಸ್ತಿ ದಾರಿ ಸವೆಸುತ್ತದೆ. ಬಡಿದಾಗ ಅದು ತಲೆಕೆಳಗೂ ಆಗಿರುತ್ತದೆ. ಹಾಗಾಗಿ ಒಂದನ್ನೊಂದು ಅಳಿಸಿಹಾಕುತ್ತವೆ. ಎದುರುಬದುರು ಬರುವ ಕಾರುಗಳು ಈ ಜಾಗವನ್ನು ಕ್ಷಣದಲ್ಲಿ ದಾಟುತ್ತವೆ, ಚಿಂತೆಯಿಲ್ಲ. ಒಂದರ ಹಿಂದೆ ಒಂದು ಅದೇ ಅಂತರದಲ್ಲಿ ಹೋದರೆ ಮಾತ್ರ ಆ ಗುಂಡಿಯಲ್ಲೇ ಉಳಿದುಬಿಡುತ್ತವೆ. ಅದಕ್ಕೆ ಕೇಳುವ ಕಾರಿಗೆ ಇನ್ನೊಂದು ಆಂಟೆನಾವನ್ನು ಒಂದು ಮೀಟರ್ ಎತ್ತರದಲ್ಲಿ ಕೂರಿಸಿದೆ. ಅದರ ಗುಂಡಿ 60 ಮೀಟರ್ ಹತ್ತಿರ ಬೀಳುತ್ತದೆ. ಒಂದು ಕಿವುಡಾದಾಗ ಇನ್ನೊಂದು ಕೇಳುತ್ತದೆ.

ಇನ್ನು ಜಾಗದ ಪ್ರಶ್ನೆ. ಹೆದ್ದಾರಿಯ ಲೇನ್ ಸುಮಾರು ಮೂರೂವರೆ ಮೀಟರ್. ಜಿಪಿಎಸ್ ಎರಡು ಮೀಟರ್ ಆಚೀಚೆ ಹೋದರೂ ಪಕ್ಕದ ಲೇನಿನವನು ಬ್ರೇಕ್ ಹಾಕಿದ್ದಕ್ಕೆ ನನ್ನ ಕಾರು ಕಿರುಚುತ್ತದೆ. ಅಂಥ ಸುಳ್ಳು ಎಚ್ಚರಿಕೆ ನಾಲ್ಕು ಸಲ ಬಂದರೆ ಚಾಲಕ ಅದನ್ನು ನಂಬುವುದೇ ಬಿಡುತ್ತಾನೆ. ಇಲ್ಲಿ ನಮಗೆ ಅನುಕೂಲವಾದ ಒಂದು ವಿಷಯವಿದೆ. ಹತ್ತಿರ ಹತ್ತಿರ ಇರುವ ಒಂದೇ ಬಗೆಯ ಎರಡು ರಿಸೀವರುಗಳು ಒಂದೇ ಉಪಗ್ರಹಗಳನ್ನು ನೋಡುತ್ತಿದ್ದರೆ, ವಾತಾವರಣದಿಂದ ಬರುವ ತಪ್ಪು ಎರಡಕ್ಕೂ ಬಹುಪಾಲು ಒಂದೇ. ಒಂದರ ಜಾಗದಿಂದ ಇನ್ನೊಂದರ ಜಾಗವನ್ನು ಕಳೆದಾಗ ಆ ತಪ್ಪು ಬಹುಪಾಲು ಹೋಗಿಬಿಡುತ್ತದೆ. ತಿರುವಿನಲ್ಲಿ ಇಷ್ಟು ಸಾಲಲಿಲ್ಲ. ಅಲ್ಲಿ ನೇರ ಗೆರೆ ಎಳೆದು 'ಮುಂದಿದೆ' ಅನ್ನುವಂತಿಲ್ಲ. ಬಿಎಸ್‌ಎಂನಲ್ಲಿ ಗಾಡಿ ಈಗಷ್ಟೇ ಹಾದುಬಂದ ದಾರಿಯ ಬಿಂದುಗಳನ್ನೂ ಕಳಿಸಬಹುದು. ನನ್ನ ಕಾರು ಆ ಬಿಂದುಗಳ ಮೇಲೆಯೇ ಹೋಗುತ್ತಿದೆಯೇ ಅಂತ ನೋಡಿದೆ. ಸುಳ್ಳು ಎಚ್ಚರಿಕೆ ಎದ್ದು ಕಾಣುವಷ್ಟು ಇಳಿಯಿತು. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಇಷ್ಟವಾದ ಭಾಗ ಇದೇ.

ಸಣ್ಣ ಸಣ್ಣ ಮುಳ್ಳುಗಳೂ ಇದ್ದವು. ಬಿಎಸ್‌ಎಂನಲ್ಲಿ 'ಜಾಗ' ಅಂದರೆ ಗಾಡಿಯ ನಡುಮಧ್ಯ. ಇದೇ ಕೆಲಸ ಮಾಡುವ ಯುರೋಪಿನ ಸಿಎಎಂ ಮೆಸೇಜಿನಲ್ಲಿ ಅದು ಗಾಡಿಯ ಮುಂಬದಿಯ ಮಧ್ಯ. 12 ಮೀಟರ್ ಲಾರಿಯಲ್ಲಿ ಇದು 6 ಮೀಟರಿನ ವ್ಯತ್ಯಾಸ. ಗಾಡಿ ನಿಂತಾಗ ಜಿಪಿಎಸ್ ಹೇಳುವ ದಿಕ್ಕು ಸುಮ್ಮನೆ ಗಿರಗಿರ ತಿರುಗುತ್ತದೆ, ಕೊನೆಯ ಒಳ್ಳೆಯ ದಿಕ್ಕನ್ನೇ ಹಿಡಿದಿಟ್ಟುಕೊಳ್ಳಬೇಕು.

ನಕಲಿ ಮೆಸೇಜ್ ತಡೆಯಲು ಐಇಇಇ 1609.2 ಪ್ರಕಾರ ಪ್ರತಿ ಮೆಸೇಜಿಗೂ ಡಿಜಿಟಲ್ ಸಹಿ ಇರುತ್ತದೆ. ಸುತ್ತ 100 ಗಾಡಿ ಇದ್ದರೆ ಸೆಕೆಂಡಿಗೆ 1000 ಸಹಿ ಪರೀಕ್ಷೆ. ನಮ್ಮ ಬೋರ್ಡಿಗೆ ಅದು ಆಗದ ಮಾತು. ಅದಕ್ಕೆ ಚಾಲಕನಿಗೆ ಎಚ್ಚರಿಕೆ ಕೊಡುವಷ್ಟು ಅಪಾಯ ಕಂಡಾಗ ಮಾತ್ರ ಆ ಮೆಸೇಜಿನ ಸಹಿ ನೋಡಿದೆ. ಉಳಿದವನ್ನು ನೋಡದೆ ಬಿಟ್ಟೆ. ಅಷ್ಟೇ ಅಲ್ಲ, ಸಹಿಯೂ ಸೇರಿ 300 ಬೈಟಿನ ಮೆಸೇಜ್ 6 ಎಂಬಿಪಿಎಸ್‌ನಲ್ಲಿ ಅರ್ಧ ಮಿಲಿಸೆಕೆಂಡಿನ ಹತ್ತಿರ ತಿನ್ನುತ್ತದೆ. 100 ಗಾಡಿಗೆ ಚಾನೆಲ್ ಹೆಚ್ಚುಕಡಿಮೆ ಅರ್ಧ ತುಂಬಿಹೋಯಿತು. ದಟ್ಟಣೆ ಇದ್ದಾಗ ಮೆಸೇಜ್ ಕಡಿಮೆ ಮಾಡುವ ನಿಯಮ ಇರುವುದು ಇದಕ್ಕೇ.

ಆಮೇಲೆ ಗಾಳಿ ತಿರುಗಿತು. 2020ರಲ್ಲಿ ಎಫ್‌ಸಿಸಿ ಆ 75ರಲ್ಲಿ 45 ಮೆಗಾಹರ್ಟ್ಸನ್ನು ವೈಫೈಯಂಥ ಬಳಕೆಗೆ ಕೊಟ್ಟು, ಉಳಿದ 30ನ್ನು ಸಿ-ವಿ2ಎಕ್ಸ್‌ಗೆ, ಅಂದರೆ ಮೊಬೈಲ್ ತಂತ್ರಜ್ಞಾನದಿಂದ ಬಂದ ಗಾಡಿ ರೇಡಿಯೊಗೆ, ಅಂತ ನಿರ್ಧರಿಸಿತು. ನಾವೂ ರೇಡಿಯೊ ಬದಲಿಸಿದೆವು. ಮೆಸೇಜ್, ಸಹಿ, ದಾರಿ ಹೋಲಿಸುವ ಕೋಡ್ ಎಲ್ಲ ಹಾಗೇ ಉಳಿಯಿತು. ಹೊಸ ತಲೆನೋವು ಒಂದೇ. ಟವರಿನ ಹಂಗಿಲ್ಲದೆ ಗಾಡಿಯಿಂದ ಗಾಡಿಗೆ ನೇರ ಕಳಿಸುವ ಅದರ ಎಲ್‌ಟಿಇ ಸೈಡ್‌ಲಿಂಕಿನಲ್ಲಿ ಗಾಡಿ ತನ್ನ ಸರದಿಯ ಮಿಲಿಸೆಕೆಂಡನ್ನು ಮೊದಲೇ ಕಾದಿರಿಸಿ, ಪ್ರತಿ ಸುತ್ತಿನಲ್ಲೂ ಅದನ್ನೇ ಬಳಸುತ್ತದೆ. ಕಳಿಸುವಾಗ ಕೇಳಲಾಗುವುದಿಲ್ಲ. ಎರಡು ಗಾಡಿ ಒಂದೇ ಮಿಲಿಸೆಕೆಂಡ್ ಆರಿಸಿಕೊಂಡರೆ ಬೇರೆ ಸರದಿ ಆರಿಸುವ ತನಕ ಒಂದಕ್ಕೊಂದು ಕೇಳಿಸುವುದೇ ಇಲ್ಲ. ಹಾಗಾಗಿ ಮೆಸೇಜ್ ನಿಂತ ಗಾಡಿಯನ್ನು ಪಟ್ಟಿಯಿಂದ ತಕ್ಷಣ ತೆಗೆಯುವುದನ್ನು ಬಿಟ್ಟೆ. ಕೊನೆಯ ವೇಗ, ದಿಕ್ಕು ನೋಡಿ ಅದು ಈಗ ಎಲ್ಲಿರಬಹುದು ಅಂತ ಸ್ವಲ್ಪ ಹೊತ್ತು ಅಂದಾಜು ಹಾಕುತ್ತ ಇಟ್ಟುಕೊಳ್ಳುತ್ತೇನೆ. ಬ್ರೇಕ್ ಹಾಕಿದ್ದೇ ಅದರ ಕೊನೆಯ ಸುದ್ದಿಯಾಗಿದ್ದರೆ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು.