ಚಿನ್ನದ ಬಣ್ಣದ ನೆಲ ಹಾಕಿಸುವ ಮುಂಚೆ

ಮನೆ ಕಟ್ಟಿಸುತ್ತಿರುವ ನಮ್ಮ ಹುಡುಗರು ಟೈಲ್ಸ್ ಅಂಗಡಿಯಲ್ಲಿ ನಿಂತುಕೊಂಡೇ ಫೋನ್ ಮಾಡುತ್ತಾರೆ: "ದೊಡ್ಡಮ್ಮಾ, ಹಾಲ್‌ಗೆ ಗೋಲ್ಡ್ ಕಲರ್ ಹಾಕಿಸೋಣ ಅಂತಿದೀವಿ, ಹೇಗಿರುತ್ತೆ?" ಹಾಕಿಸಿ, ಬೇಡ ಅನ್ನುವವಳು ನಾನಲ್ಲ. ಹೊನ್ನಿನ ಬಣ್ಣದ ನೆಲ ಮನೆಗೆ ಒಂದು ಕಳೆ ಕೊಡುತ್ತದೆ. ಆದರೆ ಅಂಗಡಿಯಲ್ಲಿ ನಿಂತು ತೀರ್ಮಾನ ಮಾಡಬೇಡಿ ಅನ್ನುತ್ತೇನೆ. ಅಲ್ಲಿ ತಲೆಯ ಮೇಲೆ ಸಾಲಾಗಿ ಉರಿಯುವುದು ಹಳದಿ ಬೆಳಕು. ಅದರ ಕೆಳಗೆ ಸಪ್ಪೆ ಟೈಲ್ಸ್ ಕೂಡ ಬಂಗಾರವಾಗುತ್ತದೆ. ನಮ್ಮ ಮನೆಗಳಲ್ಲಿ ಹಾಕುವುದು ಡಬ್ಬದ ಮೇಲೆ 6500ಕೆ ಎಂದು ಬರೆದಿರುವ ಬಿಳಿ ಎಲ್ಇಡಿ. (ಕೆ ಅಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ; ಅಂಕಿ ಇಳಿದಷ್ಟೂ ಬೆಳಕು ಹಳದಿ.) ಅದೇ ಟೈಲ್ಸ್ ಆ ಬಿಳಿ ಬೆಳಕಿಗೆ ಬಂದರೆ ಹೊಳಪು ಇಳಿದು ಒಂಥರಾ ಪೇಲವವಾಗಿ ಕಾಣುತ್ತದೆ. ನೆಲಕ್ಕೆ ಲಕ್ಷಗಟ್ಟಲೆ ಸುರಿದ ಮೇಲೆ ದೀಪಕ್ಕೆ ಜಿಪುಣತನ ಮಾಡಬೇಡಿ, 3000 ಅಥವಾ 4000ಕೆ ಇರುವ ದೀಪ ಹಾಕಿಸಿ.

ಮೊದಲು ಎರಡು ಟೈಲ್ಸ್ ಸ್ಯಾಂಪಲ್ ಮನೆಗೆ ತನ್ನಿ. ಗೋಡೆಗೆ ಒರಗಿಸಿ ನೋಡುವುದಲ್ಲ, ನೆಲದ ಮೇಲೇ ಮಲಗಿಸಿ. ಬೆಳಗ್ಗೆ ಒಂದು ಸಲ, ಪಡುವಣದ ಕಿಟಕಿಯಿಂದ ಬಿಸಿಲು ಬೀಳುವ ಹೊತ್ತಿಗೆ ಒಂದು ಸಲ, ರಾತ್ರಿ ದೀಪ ಹಾಕಿ ಒಂದು ಸಲ ನೋಡಿ. ಆಮೇಲೆ ಅದರ ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ, ಚಿಟಿಕೆ ಅರಿಶಿನ, ಚಿಟಿಕೆ ಕುಂಕುಮ ನೀರಲ್ಲಿ ಕಲೆಸಿ ಹಚ್ಚಿ ರಾತ್ರಿಯೆಲ್ಲಾ ಬಿಡಿ. ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಕುಂಕುಮದ ಗುಲಾಬಿ ಗುರುತು ಉಳಿದಿದ್ದರೆ ಆ ಟೈಲ್ಸ್ ದೇವರ ಮನೆಗಂತೂ ಬೇಡ. ಸಮಾಚಾರ ಇಷ್ಟೇ: ವಿಟ್ರಿಫೈಡ್ ಟೈಲ್ಸ್, ಅಂದರೆ ಜೋರು ಉರಿಯಲ್ಲಿ ಸುಟ್ಟು ಗಾಜಿನಂತೆ ಗಟ್ಟಿ ಮಾಡಿದ್ದು, ನೀರು ಹೀರುವುದು ಶೇಕಡ ಅರ್ಧಕ್ಕಿಂತ ಕಡಿಮೆ. ಆದರೂ ಮೇಲ್ಮೈಯನ್ನು ಉಜ್ಜಿ ಕನ್ನಡಿ ಮಾಡಿದಾಗ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳು ಬಾಯಿ ಬಿಡುತ್ತವೆ, ಕಲೆ ಹೋಗಿ ಅಲ್ಲೇ ಕೂರುತ್ತದೆ.

ನನ್ನ ಓಟು ಯಾವತ್ತೂ ಹೊಳಪಿಲ್ಲದ ಮ್ಯಾಟ್ ಅಥವಾ ನಸುಹೊಳಪಿನ ಸ್ಯಾಟಿನ್‌ಗೆ. ಕನ್ನಡಿಯಂಥ ಚಿನ್ನದ ನೆಲದಲ್ಲಿ ಬರಿಗಾಲಿನ ಹೆಜ್ಜೆ, ಉದುರಿದ ಕೂದಲು, ಬೋರ್‌ವೆಲ್ ನೀರಲ್ಲಿ ಒರೆಸಿದ ಬಿಳಿ ಗೆರೆ ಎಲ್ಲವೂ ಎದ್ದು ಕಾಣುತ್ತವೆ. ಇನ್ನು ಬಚ್ಚಲ ಮುಂದೆ ಆ ಹೊಳಪಿನ ಮೇಲೆ ನೀರು ಚೆಲ್ಲಿದ್ದು ಗೊತ್ತೇ ಆಗುವುದಿಲ್ಲ. ವಯಸ್ಸಾದವರಿರುವ ಮನೆಯಲ್ಲಿ ಅದು ಅಪಾಯ. ಡಬ್ಬದ ಮೇಲೆ ಆರ್9, ಆರ್10, ಆರ್11 ಎಂದು ಇರುತ್ತದೆ. ಅಂಕಿ ದೊಡ್ಡದಾದಷ್ಟೂ ಜಾರುವುದು ಕಡಿಮೆ. ಒಣ ಕೋಣೆಗೆ ಆರ್9 ಸಾಕು, ಜಗುಲಿಗೂ ಬಚ್ಚಲಿಗೂ ಆರ್10ಕ್ಕಿಂತ ಇಳಿಯಬೇಡಿ.

ಕಲ್ಲೇ ಬೇಕು ಅನ್ನುವವರಿಗೆ ಬೇಕಾದಷ್ಟು ದಾರಿಗಳಿವೆ. ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಬೂದುಬಣ್ಣದ್ದು, ಆದರೆ ಗಡಿ ದಾಟಿ ತೆಲಂಗಾಣದ ತಾಂಡೂರಿಗೆ ಹೋದರೆ ಹಳದಿ ಕಲ್ಲು ಸಿಗುತ್ತದೆ. ಸೋನಾರ್ ಕಿಲಾ, ಅಂದರೆ ಚಿನ್ನದ ಕೋಟೆ ಎಂದು ಕರೆಸಿಕೊಳ್ಳುವ ಕೋಟೆಯಿರುವ ಜೈಸಲ್ಮೇರ್ ಕಡೆಯ ಹಳದಿ ಕಲ್ಲಂತೂ ನೋಡಲು ಬಲು ಚೆಂದ. ಆದರೆ ಇವೆಲ್ಲಾ ಸುಣ್ಣದ ಕಲ್ಲಿನ ಜಾತಿ. ನಿಂಬೆಹಣ್ಣು, ಹುಣಸೆ ರಸ, ಮಜ್ಜಿಗೆ, ಬಚ್ಚಲು ತೊಳೆಯುವ ಆಸಿಡ್ ಯಾವುದು ಬಿದ್ದರೂ ಪಾಲಿಶ್ ಕಿತ್ತು ಮಬ್ಬು ಕಲೆ ನಿಲ್ಲುತ್ತದೆ. ಅಮೃತಶಿಲೆಗೂ ಅದೇ ಗತಿ. ಹಾಗಾಗಿ ಅಡುಗೆಮನೆಗೆ ಗ್ರಾನೈಟ್ ಒಳ್ಳೆಯದು. ಕಾಶ್ಮೀರ ಗೋಲ್ಡ್ ಎಂದು ಮಾರುತ್ತಾರಲ್ಲ, ಆ ಕಲ್ಲು ಬರುವುದು ತಮಿಳುನಾಡಿನ ಮಧುರೈ ಕಡೆಯಿಂದ. ಹೆಸರು ಕೇಳಿ ಸಾಗಣೆ ಖರ್ಚು ಜಾಸ್ತಿ ಕೊಡಬೇಡಿ! ಯಾವ ಕಲ್ಲಾದರೂ ಕೊಳ್ಳುವ ಮುಂಚೆ ಹತ್ತಿಗೆ ಉಗುರು ಬಣ್ಣ ತೆಗೆಯುವ ದ್ರಾವಣ ಹಾಕಿ ಮೂಲೆಯಲ್ಲಿ ಉಜ್ಜಿ ನೋಡಿ. ಹತ್ತಿಗೆ ಬಣ್ಣ ಹತ್ತಿದರೆ ಅದು ಬಣ್ಣ ಕುಡಿಸಿದ ಕಲ್ಲು, ಅಲ್ಲಿಂದ ಎದ್ದು ಬನ್ನಿ.

ಕಡಿಮೆ ಖರ್ಚಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಹಳದಿ ಆಕ್ಸೈಡ್ ಗಾರೆ. ಕಾವಿ ನೆಲದ ತಂಗಿ ಅನ್ನಿ. ಇದಕ್ಕೆ ಬಿಳಿ ಸಿಮೆಂಟೇ ಬೇಕು. ಸಾಮಾನ್ಯ ಸಿಮೆಂಟಿನ ಬೂದಿ ಬಣ್ಣ ಸೇರಿದರೆ ಹಳದಿ ಕೆಟ್ಟು ಪಾಚಿಯ ಬಣ್ಣವಾಗುತ್ತದೆ. ಕೈ ಪಳಗಿದ ಮೇಸ್ತ್ರಿ ಸಿಕ್ಕರೆ ಮಾತ್ರ ಕೈ ಹಾಕಿ. ಒಂದು ಕೋಣೆಗೆ ಬೇಕಾದ ಬಣ್ಣವನ್ನು ಒಟ್ಟಿಗೇ ಒಣದಾಗಿ ಕಲೆಸಿಟ್ಟುಕೊಳ್ಳಲು ಹೇಳಿ, ಇಲ್ಲದಿದ್ದರೆ ಅರ್ಧ ಕೋಣೆ ಬೆಣ್ಣೆ ಬಣ್ಣ, ಅರ್ಧ ಕೋಣೆ ಸಾಸಿವೆ ಬಣ್ಣ. ಮರದಂಥ ನೆಲ ಬೇಕಾದವರು ಲ್ಯಾಮಿನೇಟ್ ಬಿಟ್ಟು ಎಸ್‌ಪಿಸಿ (ಕಲ್ಲಿನ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ) ಹಲಗೆ ನೋಡಿ. ಬಕೆಟ್ಟು ನೀರು ಸುರಿದು ತೊಳೆಯುವ ಜನ ನಾವು, ಲ್ಯಾಮಿನೇಟ್ ಒಳಗಿನ ಮರದ ಪುಡಿ ಉಬ್ಬಿಬಿಡುತ್ತದೆ.

ಕಲ್ಲಿನ ನಡುವೆ ಹಿತ್ತಾಳೆ ಪಟ್ಟಿ ಕೂರಿಸುವುದು ಈಗ ಭಾರಿ ಫ್ಯಾಶನ್. ಚೆಂದವೇ. ಆದರೆ ಹಿತ್ತಾಳೆ ಕಪ್ಪಾಗದೆ ಇರುವುದಿಲ್ಲ, ಕಪ್ಪಾದಾಗ ನಮ್ಮ ಕೈ ತಾನಾಗಿ ಹುಣಸೆಹಣ್ಣಿನ ಕಡೆ ಹೋಗುತ್ತದೆ. ಪಟ್ಟಿ ಫಳಫಳ ಹೊಳೆಯುತ್ತದೆ, ಪಕ್ಕದ ಅಮೃತಶಿಲೆ ಸುಟ್ಟುಹೋಗುತ್ತದೆ. ಚಿನ್ನದ ಲೇಪ ಕೊಟ್ಟ ಸ್ಟೀಲ್ ಪಟ್ಟಿ ಹಾಕಿಸಿದರೆ ಈ ತಾಪತ್ರಯವೇ ಇಲ್ಲ. ಸಂದಿಗೆ ತುಂಬುವ ಗ್ರೌಟ್ ಟೈಲ್ಸ್‌ಗಿಂತ ಒಂದು ಛಾಯೆ ಗಾಢವಾಗಿರಲಿ. ಬಿಳಿ ಗ್ರೌಟ್ ಬಹಳ ದಿನ ಬಿಳಿಯಾಗಿ ಉಳಿಯುವುದಿಲ್ಲ. ಗೋಡೆಗೆ ಮತ್ತೆ ಹಳದಿ ಬಳಿಸಬೇಡಿ, ಕೆನೆ ಬಿಳಿ ಸಾಕು.

ಅಂಗಡಿ, ಮಳಿಗೆಗಳ ಲೆಕ್ಕ ಬೇರೆ. ಒಡವೆ ಅಂಗಡಿಗೆ ಚಿನ್ನದ ನೆಲ ಹಾಕಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ. ಕಣ್ಣು ಹೋಗಬೇಕಾದದ್ದು ಗಾಜಿನೊಳಗಿನ ಸರಕ್ಕೋ, ಕಾಲಡಿಯ ಕಲ್ಲಿಗೋ? ಸೀರೆ ಅಂಗಡಿಯಲ್ಲಿ ಇನ್ನೂ ಕಷ್ಟ. ಹೊಳೆಯುವ ಹಳದಿ ನೆಲದ ಬೆಳಕು ಬಟ್ಟೆಯ ಮೇಲೆ ಬಿದ್ದು ಬಿಳಿ ಸೀರೆ ಕೆನೆಯಾಗುತ್ತದೆ, ನೀಲಿ ಮಂಕಾಗುತ್ತದೆ. ಗಿರಾಕಿ ಮನೆಗೆ ಹೋಗಿ ಬಿಚ್ಚಿ ನೋಡಿ "ಇದು ನಾನು ಆರಿಸಿದ ಬಣ್ಣವೇ ಅಲ್ಲ" ಎಂದು ವಾಪಸ್ ತರುತ್ತಾಳೆ. ಬಾಗಿಲ ಬಳಿ, ಗಲ್ಲಾಪೆಟ್ಟಿಗೆಯ ಮುಂದೆ ಒಂದು ಪಟ್ಟಿ ಹಾಕಿಸಿ ಆಸೆ ತೀರಿಸಿಕೊಳ್ಳಿ. ಕಲ್ಯಾಣ ಮಂಟಪಕ್ಕೆ ಮಾತ್ರ ಇದು ಹೇಳಿ ಮಾಡಿಸಿದ ಬಣ್ಣ. ಹೂವಿನ ಎಸಳು, ಅಕ್ಷತೆ, ಅರಿಶಿನ ಬಿದ್ದರೂ ಕಣ್ಣಿಗೆ ಹೊಡೆಯುವುದಿಲ್ಲ. ದರ್ಶಿನಿಗೆ ಜಾರದ ಟೈಲ್ಸ್, ಕಲೆ ಹೀರದ ಎಪಾಕ್ಸಿ ಗ್ರೌಟ್ ಇದ್ದರೆ ಸಾಂಬಾರು ಚೆಲ್ಲಿದರೂ ಚಿಂತೆಯಿಲ್ಲ.

ಕೊಳ್ಳುವಾಗ ಒಂದು ಲೆಕ್ಕ ಇಟ್ಟುಕೊಳ್ಳಿ. ಎರಡಡಿಗೆ ಎರಡಡಿ ಎಂದು ಮಾರುವ (ನಿಜಕ್ಕೂ 60 ಸೆಂ.ಮೀ.) ನಾಲ್ಕು ಟೈಲ್ಸ್ ಇರುವ ಡಬ್ಬ ಸುಮಾರು ಹದಿನೈದೂವರೆ ಚದರಡಿ ಹಿಡಿಯುತ್ತದೆ. ಹತ್ತಕ್ಕೆ ಹನ್ನೆರಡರ ಕೋಣೆಗೆ ಎಂಟು ಡಬ್ಬ ಸಾಕು ಅನ್ನಿಸಬಹುದು, ಕತ್ತರಿಸಿ ಹಾಳಾಗುವುದು ಸೇರಿ ಒಂಬತ್ತು ತನ್ನಿ, ಗೋಡೆಯ ಬುಡಕ್ಕೆ ಹಾಕುವ ಪಟ್ಟಿಗೆ (ಸ್ಕರ್ಟಿಂಗ್) ಬೇರೆ. ಡಬ್ಬದ ಮೇಲಿನ ಶೇಡ್ ನಂಬರ್, ಬ್ಯಾಚ್ ನಂಬರ್ ಎಲ್ಲವೂ ಒಂದೇ ಇದೆಯೇ ಎಂದು ಆಟೋದಿಂದ ಇಳಿಸುವಾಗಲೇ ನೋಡಿ. ಬಿಳಿ ಟೈಲ್ಸ್‌ನಲ್ಲಿ ಸಣ್ಣ ವ್ಯತ್ಯಾಸ ಮುಚ್ಚಿಹೋಗುತ್ತದೆ, ಚಿನ್ನದ ಬಣ್ಣದಲ್ಲಿ ಮುಚ್ಚುವುದಿಲ್ಲ. ಮಿಕ್ಕಿದ್ದನ್ನು ಅಂಗಡಿಗೆ ವಾಪಸ್ ಕೊಡದೆ ನಾಲ್ಕಾದರೂ ಅಟ್ಟಕ್ಕೆ ಹಾಕಿ. ನಾಳೆ ಪ್ಲಂಬರ್ ಬಂದು ನೆಲ ಒಡೆದರೆ ಅದೇ ಬ್ಯಾಚು ಮತ್ತೆ ಮಾರ್ಕೆಟ್ಟಿನಲ್ಲಿ ಸಿಗುವುದಿಲ್ಲ.