ಗರಸು ಹೊಲದ ಮೆಕ್ಕೆಜೋಳಕ್ಕೆ ಜೈವಿಕ ಗೊಬ್ಬರ: ನನ್ನ ಅನುಭವ

ಜಗಳೂರು ಸೀಮೆಯ ಕೆಂಪು ಗರಸು ಮಣ್ಣನ್ನು ಉಳುವವರಿಗೆ ಅದರ ಗುಣವನ್ನು ನಾನು ಹೇಳಬೇಕಾಗಿಲ್ಲ. ಮಳೆ ನಿಂತ ಮೂರನೆಯ ದಿನಕ್ಕೆ ಹದ ಹಾರಿಹೋಗುವ ನನ್ನ 4 ಎಕರೆಯಲ್ಲಿ ಮೆಕ್ಕೆಜೋಳ ಎಕರೆಗೆ 8–9 ಕ್ವಿಂಟಲ್ ದಾಟಿದ್ದೇ ಅಪರೂಪ. ಕಳೆದ ಮುಂಗಾರಿನಲ್ಲಿ ಅದರಲ್ಲೇ, ಜೀವಾಣು ಗೊಬ್ಬರದ ಪುಡಿಯ ಜೊತೆಗೆ ಕೆರೆಗೋಡು (ಕೆರೆಯ ಹೂಳು) ಬಿದ್ದ 2 ಎಕರೆ ತಲಾ 17 ಕ್ವಿಂಟಲ್‌ನ ಆಸುಪಾಸು ಕೊಟ್ಟಿತು. "ಪುಡಿ ಎರಚಿ ಜೋಳ ಬೆಳೆಯುವುದಾದರೆ ಊರಿನವರೆಲ್ಲ ಡಿಎಪಿ ಗೊಬ್ಬರಕ್ಕೆ ಯಾಕೆ ಸಾಲುಗಟ್ಟಿ ನಿಲ್ಲುತ್ತಿದ್ದರು ತಮ್ಮಾ" ಎಂದು ಕೇಳಿದ್ದ ದೊಡ್ಡಪ್ಪನವರೇ ತೂಕದ ದಿನ ಚೀಲ ಎಣಿಸಿದರು.

ಮೊದಲ ಎರಡು ವರ್ಷ ಕೆಟ್ಟದ್ದು ನನ್ನ ತಪ್ಪಿನಿಂದ. ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಅಜೋಸ್ಪಿರಿಲಂ ಜೀವಾಣುವನ್ನು ಬೆಲ್ಲದ ಪಾಕದಲ್ಲಿ ಕಲಸಿ ಬೀಜೋಪಚಾರ ಮಾಡಿದೆನೇ ಹೊರತು, ಹೈಬ್ರಿಡ್ ಬೀಜಕ್ಕೆ ಬಣ್ಣದೊಂದಿಗೆ ಶಿಲೀಂಧ್ರನಾಶಕವನ್ನೂ ಲೇಪಿಸಿರುತ್ತಾರೆ, ಆ ವಿಷದ ಮೇಲೆ ಜೀವಾಣು ಉಳಿಯುವುದು ಕಷ್ಟ ಎಂಬುದು ನನಗೆ ಹೊಳೆಯಲಿಲ್ಲ. ಮರುವರ್ಷ ಪುಡಿಯನ್ನು ಡಿಎಪಿ ಜೊತೆಗೇ ಬೆರೆಸಿ ಒಣಮಣ್ಣಿಗೆ ಎರಚಿದೆ. ಆ ಪೊಟ್ಟಣಗಳು ಅಂಗಡಿಯ ಮುಂದೆ ಬಿಸಿಲಿನಲ್ಲಿ ಎಷ್ಟು ದಿನ ಕುಳಿತಿದ್ದವೋ, ಅವಧಿ ಮುಗಿದದ್ದನ್ನು ಮನೆಗೆ ಬಂದ ಮೇಲೆ ಓದಿದೆ. ಎರಡೂ ವರ್ಷ ಸೇರಿ 12,000 ರೂಪಾಯಿಯಷ್ಟು ಮಣ್ಣುಪಾಲಾಯಿತು.

ಮೂರನೆಯ ವರ್ಷದಿಂದ ಬೀಜದ ತಂಟೆಗೆ ಹೋಗಲಿಲ್ಲ. ಎಕರೆಗೆ ಸುಮಾರು 3 ಕ್ವಿಂಟಲ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೇವಿನ ಮರದಡಿ ರಾಶಿ ಹಾಕಿ, ಅಜೋಸ್ಪಿರಿಲಂ ಮತ್ತು ರಂಜಕ ಕರಗಿಸುವ ಬ್ಯಾಕ್ಟೀರಿಯಾ ತಲಾ 4 ಕೆ.ಜಿ. ಬೆರೆಸಿ, ಒದ್ದೆ ಗೋಣಿ ಹೊದಿಸಿ ಹತ್ತು ದಿನ ಬಿಟ್ಟೆ. ಹಿಡಿಯಲ್ಲಿ ಒತ್ತಿದರೆ ಉಂಡೆ ಕಟ್ಟಬೇಕು, ನೀರು ಜಿನುಗಬಾರದು, ಅಷ್ಟೇ ತೇವ. ರಾಶಿಗೆ ನಾನು ಸೇರಿಸುವ ಇನ್ನೊಂದು ಪದಾರ್ಥವಿದೆ, ಅದನ್ನು ಇನ್ನೆರಡು ಹಂಗಾಮು ನೋಡಿದ ಮೇಲೆ ಹೇಳುತ್ತೇನೆ. ಬಿತ್ತನೆಯ ದಿನ ಈ ಗೊಬ್ಬರವನ್ನು ಹಸಿ ಸಾಲಿಗೆ ಬಿಟ್ಟು ಕೂಡಲೇ ಮಣ್ಣು ಮುಚ್ಚಬೇಕು. ರಂಜಕದೊಡನೆ ಸೇರಿದರೆ ಸತು ಬೇರಿಗೆ ಸಿಗದಂತಾಗುವುದರಿಂದ, ಎಕರೆಗೆ 4 ಕೆ.ಜಿ. ಸತುವಿನ ಸಲ್ಫೇಟನ್ನು ರಂಜಕವಿರುವ ಡಿಎಪಿಯಿಂದ ದೂರವಿಟ್ಟು ಒಂದು ವಾರ ಮೊದಲೇ ಕೊಟ್ಟೆ. ಯೂರಿಯಾವನ್ನು ಕಾಲುಭಾಗ ಕಡಿಮೆ ಮಾಡಿದೆ.

ಆ ವರ್ಷ ಸಿಕ್ಕಿದ್ದು 12 ಕ್ವಿಂಟಲ್. ಅಲ್ಲಿಂದ ಕಳೆದ ಮುಂಗಾರಿನ 17ಕ್ಕೆ ಏರಲು ಮುಖ್ಯ ಕಾರಣ ಕೆರೆಗೋಡು ಎಂದೇ ನನ್ನ ನಂಬಿಕೆ. ಅದಕ್ಕೆ ಮೊದಲಿನ ಬೇಸಿಗೆಯಲ್ಲಿ 2 ಎಕರೆಯಲ್ಲಿ ಎಕರೆಗೆ 35–40 ಲೋಡು ಗೋಡು ಹೊಡೆಸಿದೆ. ಗೋಡು ಪುಕ್ಕಟೆಯಾದರೂ ಟ್ರ್ಯಾಕ್ಟರ್ ಬಾಡಿಗೆಯೇ ಎಕರೆಗೆ 20,000 ರೂಪಾಯಿ ಮುಟ್ಟಿತು. ಗೋಡು ಕಾಣದ ಉಳಿದ 2 ಎಕರೆ, ಅದೇ ಮಳೆಗೆ, ಅದೇ ಜೀವಾಣು ಗೊಬ್ಬರಕ್ಕೆ 13ರಲ್ಲೇ ನಿಂತಿತು. ಜೀವಾಣುವಿಗೆ ಎಕರೆಗೆ ಹೆಚ್ಚೆಂದರೆ 800 ರೂಪಾಯಿ ಖರ್ಚು, ಅದು ಅದೇ ವರ್ಷ ಮರಳಿ ಬಂದಿದೆ. ಗೋಡಿನ ದುಡ್ಡು ಹಿಂದಿರುಗಲು ಇನ್ನೂ ಎರಡು ಮೂರು ಬೆಳೆ ಬೇಕು.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಕಾಳು ಬಿಡಿಸಿದ ಬೆಂಡುಗಳನ್ನು ಗುಂಡಿಯಲ್ಲಿ ಸುಟ್ಟು, ನೀರು ಸುರಿದು ಇದ್ದಿಲು ಮಾಡಿ ಹತ್ತು ಸಾಲಿಗೆ ಹಾಗೆಯೇ ಹಾಕಿದೆ. ಪೈರು ಮೊಣಕಾಲೆತ್ತರಕ್ಕೇ ಹಳದಿ ತಿರುಗಿತು. ಬರಿಯ ಇದ್ದಿಲು ಮೊದಲು ಮಣ್ಣಿನ ಸಾರಜನಕವನ್ನೇ ಹಿಡಿದಿಟ್ಟುಕೊಂಡಿರಬೇಕು. ಹದಿನೈದು ದಿನ ಗಂಜಲದಲ್ಲಿ ನೆನೆಸಿ ಹಾಕಿದ ಸಾಲುಗಳು ಹಸಿರಾಗಿದ್ದವು, ಆದರೆ ತೆನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಸಲ ಆ ಇದ್ದಿಲನ್ನು ಗೊಬ್ಬರದ ರಾಶಿಗೇ ಸೇರಿಸಿ, ಗೋಡು ಇಲ್ಲದ 2 ಎಕರೆಯಲ್ಲಿ ನೋಡುತ್ತಿದ್ದೇನೆ.